ಕಣ್ಣು ಮಿಟುಕಿಸದ ಆಯಿ

ಮೊನ್ನೆ ಮಿಲ್ಲಿನ ಗುರುತಿನ ಚೀಟಿಗೆಂದು ಕಲಬುರಗಿಯ ಖೂಬಾ ಪ್ಲಾಟಿನ ಸ್ಟುಡಿಯೋದಲ್ಲಿ ಫೋಟೋಕ್ಕೆ ಕುಳಿತಿದ್ದೆ. ಕಣ್ಣು ಮಿಟುಕಿಸಬೇಡ ಅಂದ ಫೋಟೋದವನು. ನನಗೆ ನಗು ಬಂತು. ಯಾಕೆಂದು ನಿಮಗೆ ಹೇಳುತ್ತೇನೆ, ಉದ್ದ ಮಾಡುವುದಿಲ್ಲ.

ನಮ್ಮ ಆಯಿ, ಅಂದರೆ ಅವ್ವನ ತಾಯಿ, ಕಮಲಾಪುರದಲ್ಲಿ ಸೋದರಮಾವನ ಮನೆಯಲ್ಲಿದ್ದಾಳೆ. ಆಕೆಯ ಗಂಡ, ನಮ್ಮ ಮುತ್ಯಾ, ಶಾಲೆಯಲ್ಲಿ ಜವಾನನಾಗಿದ್ದ. ಅವನು ಸತ್ತ ಮೇಲೆ ಪಿಂಚಣಿ ಆಯಿಗೆ ಬರುತ್ತದೆ. ವರ್ಷಕ್ಕೊಮ್ಮೆ ಆಕೆ ಬದುಕಿದ್ದಾಳೆಂದು ತೋರಿಸಬೇಕು, ಇಲ್ಲದಿದ್ದರೆ ನಿಂತುಹೋಗುತ್ತದೆ. ಮೊದಲೆಲ್ಲ ಬಸ್ಸು ಹಿಡಿದು ಕಲಬುರಗಿಗೆ ಬಂದು ಹೆಬ್ಬೆಟ್ಟು ಒತ್ತುತ್ತಿದ್ದಳು. ಸೊಂಟ ಮುರಿದು ಮಂಚ ಹಿಡಿದ ವರ್ಷ ಅದೂ ಆಗಲಿಲ್ಲ. ಬೆರಳಿನ ಯಂತ್ರವನ್ನೇ ಮನೆಗೆ ತರಿಸಿದರೆ, ಬಾಳೆತೋಟದ ಕೆಲಸದಲ್ಲಿ ಸವೆದ ಬೆರಳಿನ ಗುರುತು ಅದಕ್ಕೆ ಹತ್ತಲಿಲ್ಲ. ಮುಖ ತೋರಿಸಿದರೆ ಸಾಕು, ಫೋನಿನಲ್ಲೇ ಆಗುತ್ತದೆ ಅಂದ ನನ್ನ ಗೆಳೆಯ ಶರಣು. ಅವನು ಆನ್‌ಲೈನ್ ಅಂಗಡಿ ಇಟ್ಟವನು. ನಾನು ನಂಬಲಿಲ್ಲ. ನಾನು ಓದಿದ್ದು ಐದನೆಯ ತರಗತಿ, ನಂದೂರಿನ ಬೇಳೆ ಮಿಲ್ಲಿನಲ್ಲಿ ಚೀಲ ಹೊರುವವನು. ಆದರೂ ಕೊನೆಯ ದಿನ, ಬೇರೆ ದಾರಿಯಿಲ್ಲದೆ, ಆಯಿಯ ಮುಂದೆ ಫೋನು ಹಿಡಿದೆ.

ಮೂರು ಸಲ ಕೆಂಪು ಗುರುತು. ಜೊತೆಗೆ ಇಂಗ್ಲಿಷಿನಲ್ಲಿ ಏನೋ ಬರುತ್ತಿತ್ತು. ಅದರದೇ ಚಿತ್ರ ಶರಣುವಿಗೆ ಕಳಿಸಿದೆ. ಅವನು ಫೋನು ಮಾಡಿದ.

"ಲೇ, ನೀ ಹಳೇ ಫೋಟೋ ಹಿಡಿದೀ ಅಂತ ಅದಕ್ಕ ಅನುಮಾನ ಬಂದದ. ಜೀವಂತ ಮನುಷ್ಯಾ ಇದ್ರ ಕಣ್ಣ ಮಿಟಕಿಸ್ತಾರಲ್ಲ. ಮುದುಕಿ ಮಿಟಕಿಸ್ಲಾಕತ್ತಿಲ್ಲೇನು?"

ನೋಡಿದೆ. ಆಯಿ ಕಳ್ಳನನ್ನು ಕಂಡವಳ ಹಾಗೆ ಕಣ್ಣರಳಿಸಿಕೊಂಡಿದ್ದಳು. ಮದುವೆಯಾದ ಹೊಸತರಲ್ಲಿ ಮುತ್ಯಾನ ಪಕ್ಕ ಫೋಟೋಕ್ಕೆ ನಿಂತಾಗ ಕಣ್ಣು ಮುಚ್ಚಿ ಸ್ಟುಡಿಯೋದವನಿಂದ ಬೈಸಿಕೊಂಡಿದ್ದಳಂತೆ. ಅಂದಿನಿಂದ ಯಾವ ಕ್ಯಾಮೆರಾ ಕಂಡರೂ ಹೀಗೇ.

"ಕಣ್ಣ ಮಿಟಕಿಸು ಆಯಿ."

"ಫೋಟೋ ಕೆಡ್ತದೋ ಖೋಡಿ."

"ಕೆಡಲಿ. ಇಲ್ಲಂದ್ರ ಸರಕಾರ ನೀ ಸತ್ತೀ ಅಂತ ಬರಕೋತದ."

"ಹ್ಯಾಂಗ ಬರಕೋತದ ನೋಡ್ತೀನಿ" ಅಂದು ಸಿಟ್ಟಿನಲ್ಲಿ ರೆಪ್ಪೆ ಬಡಿದಳು. ಒಂದೇ ಸಲ. ಹಸಿರು ಗುರುತು ಬಂತು.

ಕಮಲಾಪುರದ ಮಂಚದ ಮೇಲೆ ಬಡಿದ ಒಂದು ರೆಪ್ಪೆ ಎಲ್ಲಿಗೋ ಹೋಗಿ, ಹೌದು ಇವಳಿದ್ದಾಳೆ ಅನ್ನಿಸಿಕೊಂಡು, ಅಷ್ಟರಲ್ಲೇ ವಾಪಸು ಬಂದಿತ್ತು.

"ಏನಂತದ?"

"ನೀ ಇದ್ದೀ ಅಂತ."

ಆಯಿ ಸೂರು ನೋಡುತ್ತಾ ಅಂದಳು.

"ಮಂಚ ಹಿಡದಾಗಿಂದ ಯಾರೂ ಬಂದು ಕೇಳಿರ್ಲಿಲ್ಲ ನೋಡು, ಇದ್ದೀಯೇನಂತ."

ಆ ವರ್ಷ ನಾನು ಹೋದದ್ದೇ ಎರಡು ಸಲ, ಎರಡೂ ಪಿಂಚಣಿಯ ಕೆಲಸಕ್ಕೆ.

ಈಗ ಭಾನುವಾರ ಬಂತೆಂದರೆ ಕಮಲಾಪುರದ ಬಸ್ಸು ಹತ್ತುತ್ತೇನೆ. ಬಾಗಿಲಲ್ಲೇ ನಿಂತು ಕೇಳುತ್ತೇನೆ.

"ಆಯಿ, ಇದ್ದೀ?"

"ಇದ್ದೀನಿ, ಬಾ."