ಗಿರಿಜೆಯನ್ನು ವಾಪಸ್ ಕಳಿಸಬೇಡಿ

ಸ್ನೇಹಿತರೇ, ಈ ಗುಂಪಿನಲ್ಲಿ ನಾವೆಲ್ಲ ಓದುವ ಧಾರಾವಾಹಿಯ ಗಿರಿಜೆ ಇವತ್ತಿನ ಕಂತಿನಲ್ಲಿ ಹೊಡೆಯುವ ಗಂಡನ ಮನೆಗೆ ಮತ್ತೆ ಹೊರಟಳಲ್ಲ, ನ್ಯಾಮತಿಯ ನಮ್ಮ ಮನೆಯಲ್ಲಿ ಅದರಿಂದ ಗಲಾಟೆಯಾಯಿತು.

ದಿನವೂ ಕಂತನ್ನು ಅತ್ತೆಗೆ ಓದಿ ಹೇಳುವವಳು ನಾನು. ಇವತ್ತು ಕೇಳಿದ ಮೇಲೆ ಅವರು ಕೂತಲ್ಲಿ ಕೂರಲಿಲ್ಲ. "ಆ ಹುಡುಗೀನ ವಾಪಸ್ ಕಳಿಸಬ್ಯಾಡ್ರಿ ಅಂತ ಬರಿ," ಎಂದರು. ಲೇಖಕಿಗೆ ಹಾಗೇ ಕಾಮೆಂಟ್ ಹಾಕಿದೆ. ಉತ್ತರ ಬಂತಾ ಎಂದು ಗಳಿಗೆಗೊಮ್ಮೆ ಬಂದು ಕೇಳಿದರು.

ಅಡುಗೆಮನೆಯಲ್ಲಿ ನಾದಿನಿ ಇದ್ದಳು. ಗಂಡನ ಏಟು ತಡೆಯಲಾಗದೆ ಜಗಳೂರಿನಿಂದ ಬಂದವಳು. ನಾಳೆ ಅವನು ಕರೆದೊಯ್ಯಲು ಬರುವವನಿದ್ದ. ಹೊಂದಿಕೊಂಡು ಹೋಗು ಎಂದು ಅತ್ತೆಯೇ ಅವಳನ್ನು ಒಪ್ಪಿಸಿದ್ದರು.

"ಅವ್ವ, ಗಿರಿಜೆ ಹೋಗಬಾರದು, ನಾನು ಹೋಗಬಹುದಾ?" ಎಂದು ಅವಳು ಮೆಲ್ಲಗೆ ಕೇಳಿದಳು.

ಅತ್ತೆ ನನ್ನ ಕಡೆ ತಿರುಗಿ, "ಅಳಿಯಂಗೆ ಫೋನ್ ಹಚ್ಚು," ಎಂದರು. ಹಚ್ಚಿಕೊಟ್ಟೆ. "ನಾಳೆ ಬರಬ್ಯಾಡ್ರಿ. ಮಗಳು ಇಲ್ಲೇ ಇರ್ತಾಳೆ," ಎಂದಷ್ಟೇ ಹೇಳಿ ಇಟ್ಟರು.

ಸಂಜೆ ಲೇಖಕಿಯ ಉತ್ತರ ಬಂತು: "ತಾಳ್ಮೆಯಿರಲಿ ಅಮ್ಮಾ, ಇನ್ನೂ ಹಲವು ಕಂತುಗಳಿವೆ."

ಓದಿ ಹೇಳಿದೆ. ಅತ್ತೆ ಮಗಳ ಬ್ಯಾಗಿನಿಂದ ಸೀರೆಗಳನ್ನು ಹೊರಗೆ ತೆಗೆಯುತ್ತಿದ್ದರು.

"ಅಷ್ಟು ದಿನ ಕಾಯಾಕೆ ಆಗಲ್ಲ ಅಂತ ಬರಿ," ಎಂದರು.