ಇನ್ನೂರು ಎಡತೋಳು

ಆ ಉಡುಪಿನ ಕಾರ್ಖಾನೆಯಲ್ಲಿ ಅವನನ್ನು ಎಲ್ಲರೂ ಚುಕ್ಕಿ ಎಂಜಿನಿಯರ್ ಎಂದೇ ಕರೆಯುತ್ತಿದ್ದರು. ಕರೆದಾಗ ಹೊರಗಿನಿಂದ ಬಂದು, ಬಟ್ಟೆ ಕತ್ತರಿಸುವ ಯಂತ್ರಕ್ಕೆ ಜೋಡಿಸಿದ್ದ ಹಳೇ ಕಂಪ್ಯೂಟರಿನ ಜೊತೆ ಎರಡು ವಾರ ಒದ್ದಾಡಿ, ಪರದೆಯ ಮೇಲೆ ಒಂದೇ ಒಂದು ಬಿಳಿ ಚುಕ್ಕಿ ಮೂಡಿಸಿ, ಊಟಕ್ಕೆ ಕೂತಿದ್ದ ಮಾಲೀಕರನ್ನು ಎಬ್ಬಿಸಿ ತಂದು ತೋರಿಸಿದ ಮಹಾನುಭಾವ ಅವನು. ಮಾಲೀಕರು ಧೂಳೋ ಏನೋ ಎಂದು ಅದನ್ನು ಬೆರಳಿನಿಂದ ಉಜ್ಜಿ ನೋಡಿದ್ದರು.

ಆ ಕಂಪ್ಯೂಟರಿನಲ್ಲಿ ಸಿದ್ಧವಾದದ್ದು ಏನೂ ಇರಲಿಲ್ಲ. ಗೆರೆ ಬೇಕಾದರೂ ಮೌಸಿನ ಬಾಣ ಬೇಕಾದರೂ ತಾನೇ ಬರೆಯಬೇಕು. ಹಾಗೆ ಬರೆದ ಪ್ರೋಗ್ರಾಂಗಳ ಕಂತೆ, ಅಂದರೆ ಗ್ರಾಫಿಕ್ಸ್ ಲೈಬ್ರರಿಯೇ ಅವನ ನಲವತ್ತೆರಡು ವರ್ಷದ ಬಾಳಿನ ಒಟ್ಟು ಸಾಧನೆ. ಇಡೀ ಅಂಗಿಯ ಬಣ್ಣದ ಚಿತ್ರಕ್ಕೆ ಒಂದು ವಿಡಿಯೋ ಮೋಡ್, ಅಂದರೆ ಪರದೆಯ ಒಂದು ಬಗೆ, ಒಂದೊಂದೇ ತುಂಡಿನ ನುಣುಪಾದ ಗೆರೆಗಳಿಗೆ ಇನ್ನೊಂದು. ಕತ್ತರಿಸುವ ಬಟನ್ ಒತ್ತಿದರೆ ಒಂದರಿಂದ ಇನ್ನೊಂದಕ್ಕೆ ಬದಲಾಗುತ್ತಿತ್ತು; ಆಗ ಪರದೆ ಮೂರು ಸೆಕೆಂಡು ಕಪ್ಪಾಗುತ್ತಿತ್ತು, ಅಷ್ಟೇ. ಆದರೆ ಅವನ ನಿಜವಾದ ಹೆಮ್ಮೆ ಮೌಸಿನದು. ಕಂಪ್ಯೂಟರ್ ಬೇರೆ ಕೆಲಸದಲ್ಲಿ ಮುಳುಗಿದ್ದರೂ ಒತ್ತಿದ ಕ್ಲಿಕ್ಕುಗಳನ್ನೆಲ್ಲ ಸಾಲಾಗಿ ನಿಲ್ಲಿಸಿಕೊಂಡು, ಬಿಡುವಾದ ಕೂಡಲೇ ಒಂದೊಂದಾಗಿ ಒಪ್ಪಿಸುತ್ತಿತ್ತು. ತನ್ನ ಲೈಬ್ರರಿಯಲ್ಲಿ ಒಂದು ಕ್ಲಿಕ್ಕೂ ಕಳೆದುಹೋಗುವುದಿಲ್ಲ ಎಂದು ಕೇಳದವರಿಗೂ ಹೇಳುತ್ತಿದ್ದ. ಅಂಗಡಿಯಿಂದ ಮೂರು ಸಾಮಾನು ತಾ ಎಂದರೆ ಎರಡು ಮರೆತು ಬರುವ ಗಂಡನ ಬಾಯಲ್ಲಿ ಈ ಮಾತು ಕೇಳಿ ಹೆಂಡತಿ ನಗುತ್ತಿದ್ದಳು.

ಒಂದು ಸೋಮವಾರ ಮಾಲೀಕರ ಫೋನು ಬಂತು. ಒಮ್ಮೆ ಕತ್ತರಿಸಬೇಕಾದ ಯಂತ್ರ ಐದು ಸಲ ಕತ್ತರಿಸಿದೆ. ಬಟ್ಟೆ ನಲವತ್ತು ಪದರ. ಈಗ ಮೇಜಿನ ಮೇಲೆ ಇನ್ನೂರು ಎಡತೋಳು ಬಿದ್ದಿವೆ, ಬಲತೋಳಿಗೆ ಬಟ್ಟೆಯೇ ಉಳಿದಿಲ್ಲ. ಅವನು ಹೋಗಿ ಕಂಪ್ಯೂಟರಿನ ದಾಖಲೆ ತೆಗೆದು ನೋಡಿದ. ಐದು ಕ್ಲಿಕ್ಕು, ಸ್ಪಷ್ಟವಾಗಿ. ಹೋದ ಜೀವ ಬಂದ ಹಾಗಾಯಿತು. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗಾಯ್ತು ಸಾರ್," ಎಂದ. ಬಳಸಿದವರ ತಪ್ಪು ಎಂದು ಕಾಗದದ ಮೇಲೆ ಬರೆದು, ಕೆಳಗೆ ಅರ್ಧ ಪುಟದಷ್ಟು ದೊಡ್ಡ ಸಹಿ ಹಾಕಿದ. ಒತ್ತಿದ್ದು ಯಾರು ಎಂದು ಕೇಳಲೇ ಇಲ್ಲ.

ಬುಧವಾರ ಏನೋ ಕೊಡಲು ಅಕ್ಕನ ಮನೆಗೆ ಹೋದರೆ, ಕೆಲಸದ ಹೊತ್ತಿನಲ್ಲಿ ಅಕ್ಕ ಮನೆಯಲ್ಲೇ ಕೂತು ಒಣಗಿದ ಬಟ್ಟೆ ಮಡಚುತ್ತಿದ್ದಳು. ಅದೇ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಕತ್ತರಿ ಹಿಡಿದವಳು. ಕಳೆದ ವಾರವಷ್ಟೇ ಅವಳನ್ನು ಕಂಪ್ಯೂಟರಿನ ಮುಂದೆ ಕೂರಿಸಿದ್ದರಂತೆ. ಈಗ ಮನೆಗೆ ಕಳಿಸಿದ್ದಾರೆ. ಇಟ್ಟುಕೊಳ್ಳುವುದೋ ಬಿಡುವುದೋ ಶುಕ್ರವಾರ ಹೇಳುತ್ತಾರೆ.

"ನಂದೇ ತಪ್ಪು ಕಣೋ," ಎಂದಳು.

ಅವನು ಅವಳ ಎದುರೇ ಕೂತ. ಹೇಗೆ ಒತ್ತಿದೆ, ತೋರಿಸು ಎಂದ. ಅಕ್ಕ ಸೋಪಿನ ಡಬ್ಬಿಯನ್ನೇ ಮೌಸ್ ಮಾಡಿಕೊಂಡು, ಇದು ಕತ್ತರಿಸುವ ಬಟನ್ ಎಂದು ಒಮ್ಮೆ ಒತ್ತಿದಳು. ಪರದೆ ಕಪ್ಪಾಯಿತು, ಬಾಣ ಮಾಯವಾಯಿತು, ಸರಿಯಾಗಿ ಒತ್ತಲಿಲ್ಲವೇನೋ ಅನ್ನಿಸಿತು ಎನ್ನುತ್ತ ಮತ್ತೆ ನಾಲ್ಕು ಸಲ ಒತ್ತಿದಳು. ಅವನು ಮನಸ್ಸಿನಲ್ಲೇ ಎಣಿಸಿದ. ಸರಿಯಾಗಿ ಮೂರು ಸೆಕೆಂಡು.

ಆ ನಾಲ್ಕು ಕ್ಲಿಕ್ಕನ್ನೂ ಅವನ ಲೈಬ್ರರಿ ಕತ್ತಲೆಯಲ್ಲಿ ಜೋಪಾನವಾಗಿ ಕಾದಿಟ್ಟುಕೊಂಡು, ಬೆಳಕು ಬಂದ ಮೇಲೆ ಕತ್ತರಿಸುವ ಬಟನ್ನಿಗೇ ಒಪ್ಪಿಸಿತ್ತು. ಅವನೂ ಸಾವಿರ ಸಲ ಪರೀಕ್ಷೆ ಮಾಡಿದ್ದ. ಆದರೆ ಪರದೆ ಕಪ್ಪಾಗುವುದು ಅವನಿಗೆ ಮೊದಲೇ ಗೊತ್ತಲ್ಲ, ಸಾವಿರ ಸಲವೂ ಕೈ ಎತ್ತಿ ಕಿವಿ ತುರಿಸಿಕೊಳ್ಳುತ್ತ ಕಾದಿದ್ದ. ನೆಲ ನಿಜವಾಗಿಯೂ ಡೊಂಕಾಗಿತ್ತು. ಹಾಸಿದವನು ಇವನೇ.

ಮರುದಿನ ಕಾರ್ಖಾನೆಗೆ ಹೋಗುವಾಗ ದಾರಿಯಲ್ಲಿ ಅವನಿಗೆ ಒಂದು ಜಾಣ ಉಪಾಯ ಹೊಳೆಯಿತು. ಸದ್ದಿಲ್ಲದೆ ಸರಿ ಮಾಡಿ, ಅಕ್ಕನಿಗೆ ಇನ್ನೊಂದು ಅವಕಾಶ ಕೊಡಿ ಎಂದು ಮಾಲೀಕರನ್ನು ಬೇಡಿಕೊಂಡರೆ? ಅವಳ ಕೆಲಸವೂ ಉಳಿಯುತ್ತದೆ, ತನ್ನ ಹೆಸರೂ ಉಳಿಯುತ್ತದೆ. ಈ ಜಾಣತನ ಗೇಟಿನವರೆಗೂ ಜೊತೆಗೆ ಬಂತು. ಒಳಗೆ ಅಕ್ಕನ ಖಾಲಿ ಕುರ್ಚಿ ಕಂಡ ಮೇಲೆ ತನ್ನ ಬಗ್ಗೆ ತನಗೇ ಅಸಹ್ಯವಾಯಿತು.

ಅವನು ಒಪ್ಪಿಕೊಂಡದ್ದನ್ನೆಲ್ಲ ಮಾಲೀಕರು ಕೇಳಿಸಿಕೊಂಡು, "ಅವರಿಗೆ ನಾನು ಎಲ್ಲರ ಮುಂದೆ ಬೈದಿದ್ದೀನಿ. ನೀವೂ ಎಲ್ಲರ ಮುಂದೇನೇ ಹೇಳಿ," ಎಂದರು. ಹೊಲಿಗೆ ಯಂತ್ರಗಳನ್ನೆಲ್ಲ ನಿಲ್ಲಿಸಿದರು. ಎಂದೂ ಕೇಳದವರಿಗೂ ಹೇಳುತ್ತಿದ್ದವನಿಗೆ ಅವತ್ತು ಕೇಳುವವರಿದ್ದರೂ ಮೊದಲ ವಾಕ್ಯವನ್ನೇ ಮೂರು ಸಲ ಶುರು ಮಾಡಬೇಕಾಯಿತು. ಹೇಗೋ ಹೇಳಿ ಮುಗಿಸಿದ. ಯಾರೋ ಕಿಸಕ್ಕೆಂದರು. ಅವನಿಗೂ ನಗು ಬಂತು, ಯಾಕೆಂದರೆ ತಿದ್ದಬೇಕಾದದ್ದು ಒಂದೇ ಒಂದು ಸಾಲು: ಮೋಡ್ ಬದಲಾದ ಮೇಲೆ ಕೂಡಿಟ್ಟ ಕ್ಲಿಕ್ಕನ್ನೆಲ್ಲ ಎಸೆದುಬಿಡು.

ಶುಕ್ರವಾರ ಅಕ್ಕ ಕೆಲಸಕ್ಕೆ ಮರಳಿದಳು. ಪರದೆ ಕಪ್ಪಾದದ್ದನ್ನು ಮಾಲೀಕರಿಗೆ ಅವತ್ತೇ ಯಾಕೆ ಹೇಳಲಿಲ್ಲ ಎಂದು ಅವನು ಸ್ವಲ್ಪ ರೇಗುತ್ತಲೇ ಕೇಳಿದ.

"ಹೇಳೋಣ ಅಂತಾನೇ ಒಳಗೆ ಹೋದೆ ಕಣೋ," ಎಂದಳು ಅಕ್ಕ, ಬಟ್ಟೆಯ ಅಂಚು ನೇರ ಮಾಡುತ್ತ. "ಅವರು ನಿನ್ನ ಕಾಗದ ತೋರಿಸಿದ್ರು. ನನ್ನ ತಮ್ಮ ಸಹಿ ಹಾಕಿದಾನೆ ಅಂದ್ಮೇಲೆ ನಂದೇ ತಪ್ಪಿರಬೇಕು ಅಂತ ವಾಪಸ್ ಬಂದೆ."