ನಗದೆ ಹೇಳಬೇಕಾದ ಮಾತು

ಅವಳ ಬಲಗೈಯಲ್ಲಿ ಮಣಿಕಟ್ಟಿನಿಂದ ಮೊಣಕೈವರೆಗೆ ಏಳೆಂಟು ಸುಟ್ಟ ಗೆರೆಗಳಿದ್ದವು. ನಂಜನಗೂಡಿನ ಹೆಣ್ಣುಮಕ್ಕಳ ಹಾಸ್ಟೆಲ್ಲಿನಲ್ಲಿ ಹದಿನಾಲ್ಕು ವರ್ಷ ಸಾರಿನ ಹಂಡೆ ಇಳಿಸಿದ ಕೈ ಅದು. ಪಾಸ್‌ಪೋರ್ಟ್ ಅರ್ಜಿಯಲ್ಲಿ, ಮೈಮೇಲೆ ಗುರುತು ಏನಿದೆ ಎಂದು ಕೇಳಿದ್ದರು. ನಾನು ಓದಿ ಹೇಳಿದೆ. ತೋಳು ಚಾಚಿ, "ಯಾವ್ದ ಬರೀತೀರಿ ಮಿಸ್ಸಮ್ಮ? ಇದು ಗಾಂಧಿ ಜಯಂತೀದು, ಇದು ಇಂಡಿಪೆಂಡೆನ್ಸ್ ಡೇದು" ಎಂದಳು.

ನಮ್ಮ ಹಿತ್ತಿಲ ಕೋಣೆಯಲ್ಲಿ ಬಾಡಿಗೆಗಿದ್ದ ಅಡುಗೆಯಾಕೆ ಅವಳು. ಹುಟ್ಟಿದ್ದು ಹೆಮ್ಮರಗಾಲ, ಕೊಟ್ಟಿದ್ದು ಬನ್ನೂರಿನ ಹತ್ತಿರ. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ರಜಾ ಬಂದರೆ ಸಾಕು, ಮೈದುನ ಕರೆದುಕೊಂಡು ಹೋಗುತ್ತಿದ್ದ: ಕಬ್ಬು ಕಡಿಯುವ ಆಳುಗಳಿಗೆ ಬೇಯಿಸಲು, ಹಾಸಿಗೆ ಹಿಡಿದ ಅತ್ತೆಯ ಸೇವೆ ಮಾಡಲು. ನಲವತ್ತಾರನೇ ವಯಸ್ಸಿನಲ್ಲಿ, ಮಸ್ಕತ್ತಿನ ಒಂದು ಕ್ಯಾಂಟೀನಿನಲ್ಲಿ ಅಡುಗೆ ಕೆಲಸ ಗೊತ್ತುಮಾಡಿಕೊಂಡು ಬಂದಳು. "ಅಲ್ಲೂ ಒಲೆ ಮುಂದೇನೇ ತಾನೇ?" ಎಂದೆ. "ಊ ಕಣ್ರೀ. ಆದ್ರೆ ಆ ಒಲೆ ನಾನ್ ಆರಿಸ್ಕಂಡಿದ್ದು" ಎಂದಳು.

ಇಂಗ್ಲಿಷ್ ಕಲಿಸಬೇಕೆಂದು ಹಟ ಹಿಡಿದಳು. ನಾನು ಮೈಸೂರಿನ ಕಾನ್ವೆಂಟಿನಲ್ಲಿ ಓದಿದವಳು. ಪ್ಲೀಸ್, ಸಾರಿ, ಥ್ಯಾಂಕ್ ಯೂ, ಈ ಮೂರಿದ್ದರೆ ಯಾವ ಬಾಗಿಲೂ ತೆರೆಯುತ್ತದೆ ಎಂದು ನಮ್ಮ ಸಿಸ್ಟರ್ ಹೇಳಿಕೊಟ್ಟಿದ್ದರು. ಅಲ್ಲಿಂದಲೇ ಶುರು ಮಾಡಿದೆ. ಅವಳು ಕೈ ಅಡ್ಡ ಹಿಡಿದಳು.

"ಅವೆಲ್ಲ ಆಮ್ಯಾಕೆ. ಮೊದ್ಲು 'ನೋ' ಯೋಳ್ಕೊಡಿ."

ಕಾರಣವಿತ್ತು. ಮೊದಲೇ ಹೋಗಿದ್ದ ಗೆಳತಿಯೊಬ್ಬಳು ಫೋನಿನಲ್ಲಿ ಎಚ್ಚರಿಸಿದ್ದಳು: ಇಳಿದ ಕೂಡಲೇ ಪಾಸ್‌ಪೋರ್ಟ್ ಕೇಳುತ್ತಾರೆ, ಕೊಟ್ಟರೆ ವಾಪಸ್ಸು ಬರುವುದು ಅವರ ಮರ್ಜಿ. ಹಾಗಾಗಿ ದಿನಾ ಸಂಜೆ ನಮ್ಮ ಅಡುಗೆಮನೆಯಲ್ಲಿ ರಿಹರ್ಸಲ್. ನಾನು ಸ್ಟೂಲಿನ ಮೇಲೆ ಕುಳಿತು ಮ್ಯಾನೇಜರ್ ಆಗಿ, "ಗಿವ್ ಮಿ ಯುವರ್ ಪಾಸ್‌ಪೋರ್ಟ್" ಎನ್ನುತ್ತಿದ್ದೆ.

"ನೋ."

"ನೋ ಸರ್, ಪ್ಲೀಸ್ ಅನ್ನಬೇಕಮ್ಮ."

"ಪ್ಲೀಸ್ ಅಂದ್ರೆ ಕೊಟ್ಬುಡಬೇಕಾಯ್ತದೆ. ಬ್ಯಾಡ."

ಒಂದು ದಿನ ಪಾತ್ರ ಬದಲಾಯಿಸಿದಳು. ತಾನು ಸ್ಟೂಲಿನ ಮೇಲೆ ಕುಳಿತು ನನ್ನ ಮುಂದೆ ಕೈ ಚಾಚಿದಳು. ನನ್ನ ಬಾಯಿಂದ 'ನೋ' ಹೊರಟಿತು, ಅದರ ಹಿಂದೆಯೇ ಒಂದು ಸಣ್ಣ ನಗೆಯೂ. ಅವಳು ಎದ್ದು ನಿಂತಳು. "ನಗ್‌ಬ್ಯಾಡ್ರಿ ಮಿಸ್ಸಮ್ಮ! ನಕ್ಕಂಡು ಯೋಳಿದ್ 'ನೋ'ನ ಯಾರ್ ಕೇಳಾರು?"

ಆ ರಾತ್ರಿ ಬಹಳ ಯೋಚಿಸಿದೆ. ಇಪ್ಪತ್ತೆರಡನೇ ವಯಸ್ಸಿನಲ್ಲಿ ನನಗೆ ಜಾಂಬಿಯಾದ ಒಂದು ಶಾಲೆಯಿಂದ ಟೀಚರ್ ಕೆಲಸದ ಕಾಗದ ಬಂದಿತ್ತು. ಅಪ್ಪ ಅದನ್ನು ಓದಿ, ಮಡಿಸಿ, "ಬೇಡ ಮಗು" ಎಂದರು. ನಾನು "ಯೆಸ್, ಡ್ಯಾಡಿ" ಎಂದೆ. ನಗುತ್ತಲೇ ಎಂದಿದ್ದೆ.

ಪಾಸ್‌ಪೋರ್ಟ್ ಬಂತು. ಅವಳ ಕೋಣೆಗೆ ಸರಿಯಾದ ಬೀಗವಿಲ್ಲ ಎಂದು ನನ್ನ ಬೀರುವಿನಲ್ಲಿಟ್ಟೆವು. ಹೊರಡಲು ಎಂಟು ದಿನ ಇತ್ತು. ಅವಳು ಹಾಸ್ಟೆಲ್ಲಿಗೆ ಹೋಗಿದ್ದ ಮಧ್ಯಾಹ್ನ ಮೈದುನ ಬಂದ. ಬಹಳ ವಿನಯ. ನಾನು ಕಾಫಿ ಮಾಡಿಕೊಟ್ಟೆ.

"ಅಮ್ಮಾವ್ರೆ, ಅತ್ಗೆ ಪಾಸ್‌ಪೋರ್ಟು ನಿಮ್ತಾವ ಅದಂತಲ್ಲ. ಒಂಚೂರು ಕೊಡಿ, ಜೆರಾಕ್ಸ್ ಮಾಡುಸ್ಕಂಡು ಬತ್ತೀನಿ."

ನಾನು ಕುರ್ಚಿ ಬಿಟ್ಟು ಏಳಲಿಲ್ಲ. ಅವನು ಲೋಟ ಕೆಳಗಿಟ್ಟ. "ನೀವು ಓದ್ದೋರು. ನಮ್ಮವ್ವಂಗೆ ಗಂಜಿ ಕುಡ್ಸೋರ್ಯಾರು ಯೋಳಿ? ಗಂಡು ದಿಕ್ಕಿಲ್ದ ಎಂಗ್ಸು ದೇಸ ಬುಟ್ಟೋದ್ರೆ ಮನೆ ಮಾನ ಏನಾಗ್ಬೇಕು?"

ಅವನ ಅವ್ವನನ್ನು ನೆನೆದು ನನ್ನ ಎದೆ ಕರಗಿತು, ಸುಳ್ಳೇಕೆ. ಬೀಗದ ಕೈ ನನ್ನ ಸೊಂಟದಲ್ಲೇ ಇತ್ತು. 'ಸಾರಿ ಕಣಪ್ಪ' ಎಂಬ ಮಾತು ನಾಲಿಗೆಯ ತುದಿಯಲ್ಲಿತ್ತು. ಅದನ್ನು ನುಂಗಿದೆ.

"ಇಲ್ಲ. ಕೊಡುವುದಿಲ್ಲ."

ಅವನ ವಿನಯ ಹಾರಿಹೋಯಿತು. "ಇಬ್ರು ಮುಂಡೇರು ಸೇರ್ಕಂಡು ಊರಾಳಕ್ಕೆ ಒಂಟಿದ್ದೀರಾ?"

"ಊರು ಬೇಡಪ್ಪ. ನನ್ನ ಬೀರು ಆಳಿದರೆ ಸಾಕು" ಎಂದೆ.

ಅವನು ಹೋದ ಮೇಲೆ ಬೀರುವಿನ ಬೀಗವನ್ನು ಎರಡು ಸಲ ಎಳೆದು ನೋಡಿದೆ. ಸಂಜೆ ಅವಳಿಗೆ ಎಲ್ಲ ಹೇಳಿದೆ. ಹೊಗಳುತ್ತಾಳೆಂದುಕೊಂಡಿದ್ದೆ.

"ನಕ್ರಾ?"

"ಇಲ್ಲ."

"ಕಾಪಿ ಕೊಟ್ರಾ?"

"ಕೊಟ್ಟೆ."

"ಅಯ್ಯೋ ನಿಮ್ಮ! ಇನ್ನೂ ಪಾಠ ಬಾಕಿ ಅದೆ ಬುಡಿ" ಎಂದು ಹಣೆ ಚಚ್ಚಿಕೊಂಡಳು. ಆಮೇಲೆ ಮೈದುನನಿಗೆ ಫೋನು ಮಾಡಿ, ನನಗೂ ಕೇಳುವಂತೆ, "ನಿಮ್ಗೂ ಎರಡು ಕೈ ಕೊಟ್ಟವ್ನೆ ದೇವ್ರು ನಂಜುಂಡಪ್ಪ. ಗಂಜಿ ಕಾಸೋದ ಕಲ್ತ್‌ಕಳಿ" ಎಂದಳು.

ಎಂಟನೇ ದಿನ ಹೊರಟಳು. ಬೀದಿಯಲ್ಲಿ ಒಬ್ಬರೂ ಬಾಗಿಲಿಗೆ ಬರಲಿಲ್ಲ. ಅವಳು ಬೀದಿಯ ನಟ್ಟನಡುವೆ, ಸೂಟ್‌ಕೇಸಿನ ಚಕ್ರ ಗಡಗಡ ಎನ್ನಿಸುತ್ತ ನಡೆದಳು. ಆರು ತಿಂಗಳ ನಂತರ ಬನ್ನೂರಿನ ಕಡೆಯಿಂದ ಸುದ್ದಿ ಬಂತು: ಮೈದುನ ತಾನೇ ಗಂಜಿ ಕಾಯಿಸಿ ಅವ್ವನಿಗೆ ಕುಡಿಸುತ್ತಾನಂತೆ, ಹದವಾಗಿಯೇ ಇರುತ್ತದಂತೆ. ಮಸ್ಕತ್ತಿನಲ್ಲಿ ಅವಳ ಪಾಸ್‌ಪೋರ್ಟ್ ಅವಳ ಸೂಟ್‌ಕೇಸಿನಲ್ಲೇ ಇದೆ. ನಾಲ್ಕು ವರ್ಷವಾಯಿತು.

ನನಗೆ ಕಲಿಸಿದವರು ಬಹಳ ಮಂದಿ. ಈ ಒಂದು ಶಬ್ದ ಕಲಿಸಿದವಳು ಅವಳೊಬ್ಬಳೇ. ಹೋದ ತಿಂಗಳು, ಎಪ್ಪತ್ತನಾಲ್ಕನೇ ವಯಸ್ಸಿನಲ್ಲಿ, ನಾನೂ ಪಾಸ್‌ಪೋರ್ಟಿಗೆ ಅರ್ಜಿ ಹಾಕಿದೆ. ಅವಳ ಕ್ಯಾಂಟೀನಿನಲ್ಲಿ ಕುಳಿತು ಊಟ ಮಾಡಬೇಕು. ವೆರಿಫಿಕೇಶನ್ನಿಗೆ ಬಂದ ಪೊಲೀಸಿನವನು ಕಾಗದ ತಿರುವಿ ಹಾಕಿ, ಮೈಸೂರಿನಲ್ಲಿರುವ ನನ್ನ ಮಗಳ ಹೆಸರು ನೋಡಿದ.

"ಅಜ್ಜೀ, ಈ ವಯಸ್ನಲ್ಲಿ ಒಬ್ರೇ ಪಾರಿನ್ನಾ? ಮಗಳ್ನ ಕೇಳಿದ್ರಾ?"

"ಕೇಳಲಿಲ್ಲ ಕಣಪ್ಪ. ಹೇಳಿದೆ."